ಮೊಳೆ ಒಂದಡಿ ಕೆಳಗೆ ಬಂತು

ಕಲಬುರಗಿ
23 ಮಾರ್ಚ್ 2025, ಭಾನುವಾರ

ಬೆಳಿಗ್ಗೆ ಎಂಟಕ್ಕೇ ಗ್ಯಾಲರಿಯ ಬೀಗ ತೆಗೆದೆ. ನಮ್ಮೂರ ಮಾರ್ಚ್ ಬಿಸಿಲು ಗೊತ್ತಲ್ವಾ, ಹತ್ತು ದಾಟಿದರೆ ಏಣಿ ಹತ್ತೋಕೆ ಮನಸ್ಸಾಗಲ್ಲ. ಗ್ಯಾಲರಿ ಅಂದರೆ ಹಳೇ ಮನೆಯ ಎರಡು ಕೋಣೆ. ಶಹಾಬಾದ್ ಕಲ್ಲಿನ ನೆಲ, ಸುಣ್ಣ ಬಳಿದ ಗೋಡೆ. ನಾವು ಒಂಬತ್ತು ಜನ ಪಾಳಿ ಹಾಕಿಕೊಂಡು ನೋಡಿಕೊಳ್ಳುತ್ತೇವೆ. ಯಾರಿಗೂ ಸಂಬಳವಿಲ್ಲ. ಬಾಡಿಗೆಗೆ, ಕರೆಂಟ್ ಬಿಲ್ಲಿಗೆ ತಿಂಗಳಿಗೊಮ್ಮೆ ನಾವೇ ದುಡ್ಡು ಕೂಡಿಸುತ್ತೇವೆ.

ಈ ಸಲ ನಮ್ಮ ಭಾಗದವರ ಕೆಲಸ ಮಾತ್ರ ಇಟ್ಟಿದ್ದೇವೆ. ಸುರಪುರ ಶೈಲಿಯ ಆರು ಚಿಕ್ಕ ಚಿತ್ರ, ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಬಿದ್ರಿ, ಕಾಲೇಜು ಹುಡುಗರ ಜಲವರ್ಣ, ಹಳೇ ಬಟ್ಟೆ ಸೇರಿಸಿ ಹೊಲಿದ ಆಳಂದ ಕಡೆಯ ಒಂದು ಕೌದಿ.

ನಿನ್ನೆ ರಾತ್ರಿ ರಸಮಟ್ಟ ಇಟ್ಟು ಎಲ್ಲವನ್ನೂ ಐದಡಿ ಎತ್ತರಕ್ಕೆ ಒಂದೇ ಸಾಲಿನಲ್ಲಿ ಹಾಕಿದ್ದೆವು. ಇವತ್ತು ಮೊದಲು ಬಂದವಳು ಪಕ್ಕದ ಓಣಿಯ ಐದನೇ ಕ್ಲಾಸಿನ ಹುಡುಗಿ. ಸುರಪುರದ ಚಿತ್ರದ ಮುಂದೆ ತುದಿಗಾಲಲ್ಲಿ ನಿಂತಳು.

"ಅಕ್ಕಾ, ಬಂಗಾರ ಎಲ್ಲದ? ಬರೇ ಗಾಜು ಕಾಣ್ಲಕತ್ತದ."

ಬಗ್ಗಿ ಅವಳ ಎತ್ತರದಿಂದ ನೋಡಿದೆ. ನಿಜ. ಎದುರಿನ ಕಿಟಕಿಯ ಬೆಳಕೆಲ್ಲಾ ಆ ಗಾಜಿನ ಮೇಲೇ ಬಿದ್ದಿತ್ತು. ಸುರಪುರದ ಅರಸರ ಆಸರೆಯಲ್ಲಿ ಬೆಳೆದ ಶೈಲಿ ಇದು. ಕೂದಲೆಳೆಯಂಥ ಗೆರೆ, ಒಡವೆಗೆ ಅಂಟಿಸಿದ ಚಿನ್ನದ ರೇಕು. ಒಂದು ಗೇಣು ದೂರದಿಂದ ನೋಡದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಡ್ರಿಲ್ ಮಷಿನ್ ಮತ್ತೆ ಹೊರಗೆ ಬಂತು. ಆರೂ ಚಿತ್ರಗಳನ್ನು ಕಿಟಕಿಯ ಪಕ್ಕದ ಗೋಡೆಗೆ, ಒಂದಡಿ ಕೆಳಗೆ ಇಳಿಸಿದೆವು. ಹುಡುಗಿ ಅಲ್ಲೇ ಕಾಯುತ್ತಿದ್ದಳು. ಕೈ ಹಿಂದೆ ಕಟ್ಟಿಕೊಂಡು, ರಾಣಿಯ ಕೊರಳ ಸರದ ಮಣಿಗಳನ್ನು ಒಂದೊಂದಾಗಿ ಎಣಿಸಿದಳು. ಇಪ್ಪತ್ತೊಂದು!

ಹಳೇ ತೂತುಗಳಿಗೆ ಪುಟ್ಟಿ ತುಂಬುತ್ತಾ ಚಿತ್ರಕಾರ ಎಸ್.ಎಂ. ಪಂಡಿತರ ಮಾತು ತೆಗೆದವರು ನಮ್ಮ ಡ್ರಾಯಿಂಗ್ ಸರ್. ಪಂಡಿತರು 1916ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಇಲ್ಲಿಯ ರಂಗಮಂದಿರಕ್ಕೆ ಅವರದೇ ಹೆಸರು. ಅವರ ದೇವರ ಚಿತ್ರಗಳು ಕ್ಯಾಲೆಂಡರಾಗಿ ಮನೆಮನೆಯ ಗೋಡೆ ಸೇರಿದವು. "ಅಡಗಿ ಮಾಡ್ಕೋತ ನೋಡ್ತಿದ್ರು, ಕೂಸಿನ್ನ ಎತ್ಕೊಂಡು ತೋರಸ್ತಿದ್ರು. ಗ್ಯಾಲರಿಗಿ ಬಂದ್ರ ಮಾತ್ರ ಚಿತ್ರ ಯಾಕ ದೂರ ನಿಲ್ಲಬೇಕು?" ಅಂದರು ಸರ್.

ಬಿದ್ರಿ ಮೊದಲೇ ಮೇಜಿನ ಮೇಲಿತ್ತು, ಪುಣ್ಯ. ಮುಗಿದ ತಟ್ಟೆಯ ಪಕ್ಕ ಅರ್ಧಕ್ಕೆ ನಿಂತ ತಟ್ಟೆಯೂ ಇದೆ. ಜನ ಜಾಸ್ತಿ ಹೊತ್ತು ನಿಲ್ಲುವುದು ಅರ್ಧದ್ದರ ಮುಂದೆಯೇ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದದ್ದು. ಉಳಿಯ ಗೀರು ಕಾಣಲಿ ಅಂತ ಮೈಲುತುತ್ತ ಬಳಿದಿದ್ದಾರೆ. ಒಂದು ಎಲೆಯ ಅರ್ಧದವರೆಗೆ ಬೆಳ್ಳಿ ತಂತಿ ಕೂತಿದೆ, ಉಳಿದರ್ಧ ಖಾಲಿ ಗೀರು. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿದ ನೀರು ತಾಗಿದಾಗ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ.

ಮೂರು ಗಂಟೆಗೆ ಕೌದಿ ಹೊಲಿದ ಆಯಿ ಮೊಮ್ಮಗನ ಜೊತೆ ಬಂದರು. ಕೌದಿಯನ್ನು ಗೋಡೆಗೆ ಬಿಗಿಯಾಗಿ ಕಟ್ಟಿದ್ದೆವು. ಅವರು ಒಂದು ಮೂಲೆ ಮಡಚಿ ತೋರಿಸಿದರು. "ಹಿಂದಿನ ಹೊಲಿಗಿ ನೋಡವ್ವಾ. ಮುಂದಿಂದು ಯಾರರೆ ಹಾಕ್ತಾರ." ಹಿಂದೆ ಹಳೇ ಇಳಕಲ್ ಸೀರೆ, ಅದರ ಮೇಲೆ ಜೋಳದ ಕಾಳಿನಷ್ಟೇ ಉದ್ದದ ಹೊಲಿಗೆ, ಸಾಲಿಗೆ ಸಾಲು, ಎಲ್ಲೂ ಗಂಟಿಲ್ಲ.

ಮೊಮ್ಮಗ ಚೀಟಿ ಓದಿದ: "ಸಾಂಪ್ರದಾಯಿಕ ಕೌದಿ, ಆಳಂದ ತಾಲ್ಲೂಕು." ಅಷ್ಟೇ. ಉಳಿದ ಎಲ್ಲಾ ಚೀಟಿಗಳ ಮೇಲೆ ಕಲಾವಿದರ ಹೆಸರಿತ್ತು. ಇದರ ಮೇಲಿರಲಿಲ್ಲ. ಬರೆದವಳು ನಾನೇ. ಹೊಟ್ಟೆಯೊಳಗೆ ಕಿವುಚಿದ ಹಾಗಾಯಿತು. ಆಯಿ ಏನೂ ಅನ್ನಲಿಲ್ಲ. ನಾನೇ ಕೈ ಹಿಡಿದು ತಪ್ಪಾಯಿತು ಅಂದೆ. ಚೀಟಿ ಕಿತ್ತು, ಮೊದಲ ಸಾಲಿನಲ್ಲಿ ಅವರ ಹೆಸರು, ತಂದೆಯ ಹೆಸರೂ ಇರಲಿ ಅಂದದ್ದಕ್ಕೆ ಅದೂ ಸೇರಿಸಿ, ದಪ್ಪ ಅಕ್ಷರದಲ್ಲಿ ಬರೆದೆ. ಕೌದಿಯನ್ನು ಬಿಚ್ಚಿ ಕೋಣೆಯ ನಡುವೆ ಹಗ್ಗಕ್ಕೆ ಹಾಕಿದೆವು. ಈಗ ಎರಡೂ ಕಡೆಯಿಂದ ನೋಡಬಹುದು.

ಸಂಜೆ ಎಂಟಕ್ಕೆ ಬೀಗ ಹಾಕಿದೆ. ನೈಲಾನ್ ಹಗ್ಗ ಸ್ವಲ್ಪ ಜೋತಿದೆ, ನಾಳೆ ಇನ್ನೊಂದು ಕೊಕ್ಕೆ ಹಾಕಬೇಕು. ಜಲವರ್ಣಗಳೂ ಕೆಳಗೆ ಬರಬೇಕು, ಹನ್ನೊಂದು ಇವೆ.