ಪೇಟಿ ಶುರುವಾದಾಗ

ನಿನ್ನಿ ಸಂಜಿಗೆ ಓಣಿ ಹುಡುಗರನ್ನ ಕರಕೊಂಡು ಕಲಬುರಗಿಯ ಡಾ. ಎಸ್.ಎಂ. ಪಂಡಿತ ರಂಗಮಂದಿರಕ್ಕ ನಾಟಕ ನೋಡ್ಲಿಕ್ಕೆ ಹೋಗಿದ್ದೆ. ಅರ್ಧ ಕುರ್ಚಿ ಖಾಲಿ ಇದ್ವು, ಹೊಟ್ಟಿಗೆ ಸಂಕಟ ಆಯ್ತು. ಆದ್ರ ಪೇಟಿ (ಹಾರ್ಮೋನಿಯಂ) ಮಾಸ್ತರು ಸ್ವರ ಹಿಡಿದ ಕೂಡ್ಲೆ, ಬಾಜೂಕ ಕುಂತ ಸಣ್ಣ ಹುಡುಗಿ ಮೊಬೈಲ್ ಅವ್ವನ ಕೈಯಾಗಿಟ್ಟು ಮುಂದಕ್ಕ ಬಾಗಿ ಕುಂತಳು. ಪರದೆ ಬೀಳೋತನಕ ಅಲುಗಾಡಲಿಲ್ಲ.

1916ರಾಗ ಇದೇ ಊರಾಗ ಹುಟ್ಟಿದ ಪಂಡಿತರು ಪುರಾಣದ ಚಿತ್ರ, ಸಿನಿಮಾ ಪೋಸ್ಟರ್ ಬರೆದು ಹೆಸರಾದವರು. ಕುಂಚ ಹಿಡಿದವರ ಹೆಸರನ್ನ ನಾಟಕದ ಮನಿಗೆ ಇಟ್ಟ ಊರು ನಮ್ಮ ಕಲಬುರಗಿ. ಭಾಳ ಹೆಮ್ಮಿ ಅನಸ್ತದ. ಶರಣಬಸವೇಶ್ವರ ಜಾತ್ರಿಯೊಳಗ ಅಜ್ಜನ ಹೆಗಲ ಮ್ಯಾಲೆ ಕುಂತು ಕಂಪನಿ ನಾಟಕ ನೋಡಿದ್ದೂ ನೆನಪಾಯ್ತು.

ಹೊರಗ ಬಂದ ಮ್ಯಾಲ ಆ ಹುಡುಗಿ ಕೇಳಿದಳು: "ಕಾಕಾ, ಮತ್ತ ಯಾವಾಗದ?"