ವಿಷ ಕುಡಿದವರಿಗೆ ಡಯಾಲಿಸಿಸ್ ಮಾಡಿದರೆ ಸಾಲದೇ?

ಮೂತ್ರಪಿಂಡದ ವೈದ್ಯನೆಂದು ಗೊತ್ತಾದರೆ ಸಾಕು, ಮದುವೆಮನೆಯ ಪಂಕ್ತಿಯಲ್ಲೂ ಈ ಪ್ರಶ್ನೆ ಎದುರಾಗುತ್ತದೆ: “ಡಾಕ್ಟರೇ, ವಿಷ ಕುಡಿದವರ ರಕ್ತವನ್ನು ಡಯಾಲಿಸಿಸ್‌ನಲ್ಲಿ ತೊಳೆದುಬಿಟ್ಟರೆ ಆಯಿತಲ್ಲವೇ?” ಕೆಲವು ವಿಷಗಳಿಗೆ ಆ ಮಾತು ನಿಜ. ನಮ್ಮ ಹಳ್ಳಿಗಳಿಂದ ಹೆಚ್ಚಾಗಿ ಬರುವ ಕೀಟನಾಶಕದ ಪ್ರಕರಣಗಳಿಗೆ ಅಲ್ಲ.

ಯಂತ್ರದ ಕೈಗೆ ಸಿಗುವುದು ರಕ್ತದಲ್ಲಿ ಇರುವಷ್ಟು ಮಾತ್ರ. ವಿಷದ ಅಣು ಚಿಕ್ಕದಿರಬೇಕು, ರಕ್ತದ ಪ್ರೋಟೀನಿಗೆ ಅಂಟಿಕೊಂಡಿರಬಾರದು, ದೇಹದ ಕೊಬ್ಬಿನೊಳಗೆ ಹೊಕ್ಕು ಕುಳಿತಿರಬಾರದು. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಕೊಬ್ಬಿಗೆ ಸೇರುವಂಥದ್ದು. ಅಲ್ಲಿ ಜೀವ ಉಳಿಸುವುದು ಅಟ್ರೋಪಿನ್ ಎಂಬ ಮದ್ದು ಮತ್ತು ವೆಂಟಿಲೇಟರ್. ಕಿರಿಯ ವೈದ್ಯರೊಬ್ಬರು ಹಾಸಿಗೆಯ ಪಕ್ಕದಿಂದ ಕದಲದೆ, ಐದೈದು ನಿಮಿಷಕ್ಕೆ ಡೋಸ್ ಇಮ್ಮಡಿಸುತ್ತ, ಎದೆಯೊಳಗಿನ ಗೊರಗೊರ ಸದ್ದು ಅಡಗುವವರೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳುತ್ತಿರುತ್ತಾರೆ. ದೊಡ್ಡ ಯಂತ್ರ ಕಾಣದ ಬಂಧುಗಳಿಗೆ ಇದು ಚಿಕಿತ್ಸೆಯೆಂದೇ ಅನ್ನಿಸುವುದಿಲ್ಲ. “ಡಯಾಲಿಸಿಸ್ ಇರುವ ಕಡೆ ಹೋಗುತ್ತೇವೆ” ಎಂದು ಅರ್ಧದಲ್ಲೇ ಆಂಬುಲೆನ್ಸ್ ಹತ್ತಿಸುತ್ತಾರೆ. ನನಗೆ ಸಿಟ್ಟು ಬರುವುದು ಆಗಲೇ. ಕೊಳಕುಮಂಡಲ ಕಚ್ಚಿದವರಿಗೂ ನಾವು ಡಯಾಲಿಸಿಸ್ ಮಾಡುವುದುಂಟು, ಆದರೆ ಅದು ಕೈಕೊಟ್ಟ ಮೂತ್ರಪಿಂಡಕ್ಕಾಗಿ; ಹಾವಿನ ವಿಷಕ್ಕೆ ಪ್ರತಿವಿಷವೇ ಬೇಕು.

ಡಯಾಲಿಸಿಸ್ ನಿಜವಾಗಿ ಗೆಲ್ಲುವುದು ಮೆಥನಾಲ್ ಎಂಬ ವಿಷಕಾರಿ ಆಲ್ಕೊಹಾಲಿನ ಎದುರು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿಯಲ್ಲಿ ಇದ್ದದ್ದು ಇದೇ. ಯಕೃತ್ತು ಇದನ್ನು ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ; ಕಣ್ಣಿನ ನರ ಸುಡುವುದು, ರಕ್ತ ಆಮ್ಲೀಯವಾಗುವುದು ಅದರಿಂದ. ಡಯಾಲಿಸಿಸ್ ಎರಡನ್ನೂ ಸೆಳೆದು ಹಾಕುತ್ತದೆ, ಆಮ್ಲೀಯತೆಯನ್ನೂ ಸರಿಪಡಿಸುತ್ತದೆ. ಮಾಮೂಲಿ ರೋಗಿಗೆ ನಾಲ್ಕು ಗಂಟೆ ಸಾಕಾದರೆ ಇಲ್ಲಿ ಎಂಟು ಗಂಟೆ ಮೀರುವುದೂ ಉಂಟು. ಮದ್ಯದಲ್ಲಿರುವ ಎಥನಾಲ್ ಇದಕ್ಕೊಂದು ಮದ್ದು (ಕುಡುಕರ ವಾದವಲ್ಲ, ವೈದ್ಯಶಾಸ್ತ್ರದ್ದೇ ಮಾತು), ಏಕೆಂದರೆ ಯಕೃತ್ತಿನ ಕಿಣ್ವ ಮೊದಲು ಎಥನಾಲಿಗೇ ಒಲಿಯುತ್ತದೆ. ಆದರೆ ಯಂತ್ರಕ್ಕೆ ಮದ್ದು ಯಾವುದು, ವಿಷ ಯಾವುದು ಎಂಬ ಭೇದವಿಲ್ಲ, ಎಥನಾಲನ್ನೂ ಹೊರಹಾಕುತ್ತದೆ. ಹಾಗಾಗಿ ಡಯಾಲಿಸಿಸ್ ನಡೆಯುವಷ್ಟು ಹೊತ್ತು ಅದರ ಡೋಸ್ ಏರಿಸಲೇಬೇಕು.

ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಅತಿಯಾದಾಗಲೂ ಡಯಾಲಿಸಿಸ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಜೀವಕೋಶಗಳಲ್ಲಿ ಉಳಿದದ್ದು ಮತ್ತೆ ರಕ್ತಕ್ಕೆ ಇಳಿಯುವುದರಿಂದ, ಕೆಲವು ಗಂಟೆ ಬಿಟ್ಟು ಪರೀಕ್ಷಿಸಿ ಇನ್ನೊಮ್ಮೆ ಮಾಡಬೇಕಾಗಬಹುದು. ಆಸ್ಪಿರಿನ್, ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ವಿಪರೀತವಾದರೂ ನಮಗೆ ಕರೆ ಬರುತ್ತದೆ. ಪ್ಯಾರಾಸಿಟಮಾಲ್‌ಗೆ ಸಾಮಾನ್ಯವಾಗಿ ಬರುವುದಿಲ್ಲ. ಅದಕ್ಕೆ ಅಸೆಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ.

ಆದ್ದರಿಂದ ನಾನು ತಿರುಗಿ ಕೇಳುವುದು ಒಂದೇ: ಕುಡಿದದ್ದು ಏನು? ಹತ್ತಿರದ ಆಸ್ಪತ್ರೆಗೆ ಧಾವಿಸುವಾಗ ಬಾಟಲಿಯನ್ನೋ ಮಾತ್ರೆಯ ಹಾಳೆಯನ್ನೋ ಜೊತೆಗೆ ತನ್ನಿ. ಡಯಾಲಿಸಿಸ್ ಬೇಕೋ ಬೇಡವೋ ಎಂಬುದು ಬಹುಪಾಲು ಆ ಲೇಬಲಿನ ಮೇಲೆಯೇ ತೀರ್ಮಾನವಾಗುತ್ತದೆ.