ತುಪ್ಪ, ಮುಡಿಪು, ಒಳಕಲ್ಲು

ಶಿವಗಂಗೆ ಬೆಟ್ಟವನ್ನು ನಾನು ಆರು ಸಲ ಹತ್ತಿದ್ದೇನೆ. ಅದರಲ್ಲಿ ಐದು ಸಲ ದೇವರಿಗೆ ಮುಖ ತೋರಿಸದೆ ಇಳಿದು ಬಂದಿದ್ದೇನೆ.

ಆ ಐದೂ ಸಲ ಹೋಗಿದ್ದು ಟ್ರೆಕ್ಕಿಂಗ್ ಅಂತ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮಂಥವರಿಗೆ ಭಾನುವಾರದ ಬೆಟ್ಟ ಒಂದು ಚಟ. ಒಂದು ವಾರ ಸಾವನದುರ್ಗ, ಇನ್ನೊಂದು ವಾರ ಸ್ಕಂದಗಿರಿ. ಶಿವಗಂಗೆಯಂತೂ ಹತ್ತಿರ, ಸುಮಾರು 55 ಕಿಲೋಮೀಟರ್. ನಾಲ್ಕು ಗಂಟೆಗೆ ಎದ್ದು ತುಮಕೂರು ರಸ್ತೆ ಹಿಡಿದು ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ, ಬೆಳಕು ಹರಿಯುವಷ್ಟರಲ್ಲಿ ಮೆಟ್ಟಿಲ ಬುಡದಲ್ಲಿರಬಹುದು. ಗಂಗಾಧರೇಶ್ವರನ ಗುಡಿ ದಾರಿಯಲ್ಲೇ ಸಿಗುತ್ತದೆ. ಶೂ ಬಿಚ್ಚಬೇಕಲ್ಲ ಅನ್ನುವ ಸೋಮಾರಿತನಕ್ಕೆ ಹೊರಗಿನಿಂದಲೇ ಎದೆ ಮುಟ್ಟಿಕೊಂಡು ಮುಂದೆ ಹೋಗುತ್ತಿದ್ದೆ. ತುದಿಯ ನಂದಿ ಮುಟ್ಟಿ, ಫೋಟೋ ತೆಗೆದು, ಕೈಗಡಿಯಾರದಲ್ಲಿ ಎಷ್ಟು ಹೆಜ್ಜೆ ಆಯಿತು ಅಂತ ನೋಡಿ ವಾಪಸ್. ಆಮೇಲೆ ದಾಬಸ್‌ಪೇಟೆಯಲ್ಲಿ ತಟ್ಟೆ ಇಡ್ಲಿ.

ಇದರಲ್ಲಿ ತಪ್ಪೇನಿಲ್ಲ. ಆದರೆ ನನ್ನ ಹೆಸರಿನಲ್ಲಿ ಆ ಗುಡಿಯಲ್ಲಿ ಒಂದು ಸಾಲ ಇತ್ತು.

2012ರಲ್ಲಿ ನಾನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಜೊತೆಯವರಿಗೆಲ್ಲ ಕೆಲಸ ಸಿಕ್ಕಿ ನಾನೊಬ್ಬ ಉಳಿದಿದ್ದೆ. ಅಮ್ಮ ನನಗೇನೂ ಹೇಳದೆ ಅರಿಶಿನದ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಮುಡಿಪು ಕಟ್ಟಿ ದೇವರ ಮನೆಯ ಮೊಳೆಗೆ ನೇತು ಹಾಕಿದಳು. ‘ಇವನಿಗೊಂದು ಕೆಲಸ ಆಗಲಿ, ಇವನ ಕೈಯಲ್ಲೇ ನಿನಗೆ ತುಪ್ಪ ಕೊಡಿಸ್ತೀನಿ’ ಅಂತ ಗಂಗಾಧರನಿಗೆ ಹರಕೆ. ಮುಂದಿನ ತಿಂಗಳೇ ಕೆಲಸ ಸಿಕ್ಕಿತು. ಮುಡಿಪು ಮೊಳೆಯಲ್ಲೇ ಉಳಿಯಿತು. ಮೊದಲು ಟ್ರೈನಿಂಗು, ಆಮೇಲೆ ರಿಲೀಸು, ಆಮೇಲೆ ರಾತ್ರಿ ಪಾಳಿ. ನಡುವೆ ಎರಡು ಬಾಡಿಗೆ ಮನೆ ಬದಲಾಯಿತು. ಆ ಹಳದಿ ಗಂಟು ಮಾತ್ರ ಪ್ರತಿ ಮನೆಯ ದೇವರ ಗೂಡಿಗೂ ನಮ್ಮ ಜೊತೆ ಬಂತು. ಅಮ್ಮ ವರ್ಷಕ್ಕೊಮ್ಮೆ ನೆನಪಿಸುತ್ತಿದ್ದಳು. ನಾನು ‘ಮುಂದಿನ ತಿಂಗಳು ಖಂಡಿತ’ ಅನ್ನುತ್ತಿದ್ದೆ. ನಮ್ಮ ಆಫೀಸಿನಲ್ಲಿ ಆ ಮಾತಿಗೆ ಏನು ಅರ್ಥ ಅಂತ ಅಮ್ಮನಿಗೆ ಗೊತ್ತಿಲ್ಲ ಬಿಡಿ.

ಹೋದ ಸಂಕ್ರಾಂತಿಯ ಸಂಜೆ ಎಳ್ಳುಬೆಲ್ಲ ತಿನ್ನುತ್ತಾ ಟೀವಿ ಮುಂದೆ ಕೂತಿದ್ದೆವು. ನಮ್ಮ ಬೆಂಗಳೂರಿನ ಗವಿಪುರದ ಗುಹೆಯ ಗುಡಿಯಲ್ಲಿ ಇಳಿಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವ ಆ ಕೆಲವು ನಿಮಿಷ. ಅಲ್ಲಿರುವವನೂ ಗಂಗಾಧರೇಶ್ವರನೇ. ಈ ಗವಿಗೂ ಶಿವಗಂಗೆಗೂ ಒಳಗೊಳಗೇ ಸುರಂಗ ಇದೆ ಅಂತ ಹಳಬರ ನಂಬಿಕೆ. ಅದೇ ದಿನ ಬೆಳಗಿನ ಜಾವ ಶಿವಗಂಗೆಯ ತುದಿಯಲ್ಲಿ ತೀರ್ಥಕಂಬದ ಹತ್ತಿರ ಬಂಡೆಯಲ್ಲಿ ನೀರು ಉಕ್ಕುತ್ತದೆ. ಆ ನೀರಿನಿಂದಲೇ ಗಂಗೆಗೂ ಗಿರಿಜೆಗೂ ಶಿವನ ಜೊತೆ ಧಾರೆ. ಬೆಳಿಗ್ಗೆ ಅಲ್ಲಿ ನೀರು, ಸಂಜೆ ಇಲ್ಲಿ ಬಿಸಿಲು. ಚಿಕ್ಕವನಿದ್ದಾಗ ಒಂದು ಸಲ ಅಪ್ಪನ ಹೆಗಲ ಮೇಲೆ ಕೂತು ಆ ಕಲ್ಯಾಣ ನೋಡಿದ ನೆನಪು. ನೀರು ಕಾಣಲಿಲ್ಲ, ಬರೀ ತಲೆಗಳು ಕಂಡವು.

ಟೀವಿಯಲ್ಲಿ ಮಂಗಳಾರತಿ ಮುಗಿದ ಮೇಲೆ ಅಮ್ಮ ನನ್ನ ಕಡೆ ತಿರುಗಿದಳು. ‘ಇಲ್ಲಿಯವನನ್ನ ಟೀವಿಲಿ ನೋಡ್ತೀಯ. ಅಲ್ಲಿಯವನ ಮನೆ ಮುಂದೆ ಐದು ಸಲ ಓಡಾಡಿದೀಯ. ಸಾಲಗಾರ ಹಂಗೆ ಬಾಗಿಲ ಮುಂದೆ ಹೋಗ್ತಾ ಬರ್ತಾ ಇದ್ರೆ ಏನಂದ್ಕೋತಾನೋ ಅವನು?’

ಮರುದಿನವೇ ರಜೆ ಹಾಕಿದೆ. ಆದರೆ ಅಮ್ಮ ತಕ್ಷಣ ಹೊರಡಲಿಲ್ಲ. ಅಂಗಡಿ ತುಪ್ಪ ಬೇಡ ಅಂದಳು. ನಾಟಿ ಹಸು ಎಲ್ಲಿಂದ ತರೋದು? ಮೂರನೇ ಮಹಡಿಯಲ್ಲಿ ಪ್ಯಾಕೆಟ್ ಹಾಲಿನ ಕೆನೆಯನ್ನೇ ದಿನಾ ತೆಗೆದು, ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕೂಡಿಸಿ, ಕಾಯಿಸಿದಳು. ವಿಳ್ಯದೆಲೆ ಚೂರು ಹಾಕಿದ ಆ ಘಮಕ್ಕೆ ಪಕ್ಕದ ಮನೆಯವರೂ ಬಂದು ವಿಚಾರಿಸಿಕೊಂಡು ಹೋದರು. ಹರಕೆ ತಡವಾಯಿತಲ್ಲ, ಅದಕ್ಕೆ ಮುಡಿಪಿನ ಜೊತೆಗೆ ತಪ್ಪು ಕಾಣಿಕೆ ಅಂತ ಬೇರೆ ದುಡ್ಡು ಎತ್ತಿಟ್ಟಳು. ಎಷ್ಟು ಅಂತ ಕೇಳಿದೆ. ‘ನೀನು ಲೇಟ್ ಮಾಡಿದ್ದಕ್ಕೆ ನೀನೇ ಹಾಕು’ ಅಂದಳು.

ಒಂದು ಸೋಮವಾರ ಹೋದೆವು. ಹೆದ್ದಾರಿ ಬಿಟ್ಟು ಬೆಟ್ಟ ಕಂಡಾಗ ಅಮ್ಮ ಕಾರಿನಲ್ಲೇ ಕೈಮುಗಿದಳು. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಹಾವು ಅಂತಾರೆ. ಐದು ಸಲ ಬಂದಿದ್ದರೂ ನನಗೆ ಕಂಡಿದ್ದು ಬಂಡೆ. ಆವತ್ತು ಅಮ್ಮ ಕಿಟಕಿಯಿಂದ ಬೆರಳು ತೋರಿಸಿ ‘ಅಗೋ ಬೆನ್ನು, ಅಗೋ ಡುಬ್ಬ’ ಅಂದ ಮೇಲೆ ಬಸವ ಎದ್ದು ಬಂತು. ಈಗ ಬಂಡೆ ಕಾಣಲ್ಲ, ಬಸವನೇ ಕಾಣೋದು.

ಅಮ್ಮನಿಗೆ ಮಂಡಿ ನೋವು. ಹತ್ತು ಮೆಟ್ಟಿಲಿಗೊಮ್ಮೆ ನಿಂತು, ನನ್ನ ಭುಜ ಹಿಡಿದು ಹತ್ತಿದಳು. ಶಿವಗಂಗೆಯ ಕೋತಿಗಳ ವಿಷಯ ನಿಮಗೆ ಗೊತ್ತೇ ಇರುತ್ತೆ. ನಮ್ಮ ಮುಂದೆ ಹೋಗುತ್ತಿದ್ದ ಹುಡುಗರ ಕೈಯಿಂದ ಒಂದು ಕೋತಿ ತಂಪು ಪಾನೀಯದ ಬಾಟಲಿ ಕಿತ್ತುಕೊಂಡು, ನಮಗಿಂತ ನಾಜೂಕಾಗಿ ಮುಚ್ಚಳ ತಿರುಗಿಸಿ ಕುಡಿಯಿತು. ಅಮ್ಮ ತುಪ್ಪದ ಡಬ್ಬಿಯನ್ನು ಸೆರಗಿನೊಳಗೆ ಕೂಸಿನ ಹಾಗೆ ಅವಚಿಕೊಂಡಿದ್ದಳು. ಅಷ್ಟು ಹೊತ್ತೂ ಅವಳ ಇನ್ನೊಂದು ಕೈ ನನ್ನ ಭುಜದ ಮೇಲಿತ್ತು. ಇಷ್ಟು ನಿಧಾನಕ್ಕೆ ನಾನು ಯಾವ ಬೆಟ್ಟವನ್ನೂ ಹತ್ತಿಲ್ಲ. ಹಾಗಾಗಿಯೇ ಇರಬೇಕು, ಬಂಡೆಯ ಮಗ್ಗುಲಲ್ಲಿ ಸಣ್ಣ ಸಣ್ಣ ಗೂಡುಗಳಿವೆ, ಅದರೊಳಗೆ ದೀಪ ಹಚ್ಚಿದ ಮಸಿ ಇದೆ ಅಂತ ಆವತ್ತೇ ಗೊತ್ತಾಗಿದ್ದು.

ಗುಡಿಯೊಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಸುಳ್ಳು ಅನ್ನುವಷ್ಟು ತಂಪು. ಅಮ್ಮ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಅರ್ಚಕರಿಗೆ ಕೊಟ್ಟೆ. ಶಿವಗಂಗೆಯ ಹೆಸರು ಹೇಳಿದರೆ ಎಲ್ಲರೂ ಹೇಳುವುದು ಇದನ್ನೇ: ಇಲ್ಲಿ ಲಿಂಗಕ್ಕೆ ಹಾಕಿ ತಿಕ್ಕಿದ ತುಪ್ಪ ಬೆಣ್ಣೆಯಾಗುತ್ತದೆ. ಆ ಬೆಣ್ಣೆಯನ್ನು ಪ್ರಸಾದವಾಗಿ ಕೊಡುತ್ತಾರೆ. ಕಾಯಿಲೆಗೆ ಒಳ್ಳೆಯದು ಅಂತ ಜನ ಮನೆಗೆ ಒಯ್ಯುತ್ತಾರೆ. ಆಫೀಸಿನ ಗೆಳೆಯನೊಬ್ಬನಿಗೆ ಇದನ್ನು ಹೇಳಿದಾಗ ಅವನು ‘ತಣ್ಣನೆ ಕಲ್ಲಿಗೆ ತಿಕ್ಕಿದರೆ ತುಪ್ಪ ಗಟ್ಟಿಯಾಗಿ ಬೆಳ್ಳಗಾಗುತ್ತೆ ಕಣೋ, ಅಷ್ಟೇ’ ಅಂದಿದ್ದ. ಇರಬಹುದು. ನಾನು ಜಗಳಕ್ಕೆ ಹೋಗಲಿಲ್ಲ. ಆದರೆ ಅರ್ಚಕರು ತಿಕ್ಕುತ್ತಾ ತಿಕ್ಕುತ್ತಾ ಆ ಹಳದಿ ತುಪ್ಪ ಮೆಲ್ಲಗೆ ಬೆಳ್ಳಗಾದಾಗ ನಾನು ನೋಡಿದ್ದು ಲಿಂಗವನ್ನಲ್ಲ, ಅಮ್ಮನ ಮುಖವನ್ನು. ಜೀವಮಾನವಿಡೀ ಬೆಣ್ಣೆ ಕಾಯಿಸಿ ತುಪ್ಪ ಮಾಡಿದ ಹೆಂಗಸು ಅವಳು. ಅದು ಒಂದೇ ಕಡೆಗೆ ಹೋಗುವ ದಾರಿ ಅಂತ ಅವಳ ಕೈಗೆ ಗೊತ್ತು. ಇಲ್ಲಿ ಅವಳೇ ಕಾಯಿಸಿದ ತುಪ್ಪ ವಾಪಸ್ ಬೆಣ್ಣೆಯಾಗಿ ಅವಳ ಅಂಗೈಗೆ ಬಂತು. ‘ನೋಡು, ನಿಂದೇನೂ ಲೆಕ್ಕ ಇಟ್ಕೊಂಡಿಲ್ಲ ಅವನು’ ಅಂದಳು.

ಮುಡಿಪಿನ ಗಂಟು ಬಿಚ್ಚಲು ಹೋದರೆ ಬಿಚ್ಚಲಿಲ್ಲ. ಅರಿಶಿನ ಕಲ್ಲಾಗಿತ್ತು. ಹಾಗೇ ಹುಂಡಿಗೆ ಹಾಕಿದೆವು. ತಪ್ಪು ಕಾಣಿಕೆ ನಾನು ಹಾಕಿದೆ.

ಪಕ್ಕದಲ್ಲಿ ಹೊನ್ನಾದೇವಿಗೂ ಕೈಮುಗಿದು ಅಮ್ಮ ಕಟ್ಟೆಯ ಮೇಲೆ ಕೂತುಬಿಟ್ಟಳು. ಮೇಲೆ ಹತ್ತಲು ಅವಳಿಂದ ಆಗುತ್ತಿರಲಿಲ್ಲ. ತುದಿಯವರೆಗೆ ಹೋದರೆ ಶಾಂತಲೆ ಹಾರಿಕೊಂಡಳು ಅನ್ನುವ ಜಾಗ ತೋರಿಸುತ್ತಾರೆ. ವಿಷ್ಣುವರ್ಧನನ ರಾಣಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಅನ್ನುವುದು ಶಾಸನದ ಮಾತು. ಹಾರಿದ ಕಥೆ ಜನರದ್ದು. ನನಗೆ ಆವತ್ತು ತುದಿ ಬೇಕಿರಲಿಲ್ಲ. ಆದರೆ ಅಮ್ಮ ‘ಒಳಕಲ್ಲಿನ ತನಕ ಹೋಗಿ ಬಾ’ ಅಂದಳು.

ಒಳಕಲ್ಲು ತೀರ್ಥ ಬಂಡೆಯ ಕೆಳಗಿನ ಸಣ್ಣ ಜಾಗ. ಬಗ್ಗಿ ಹೋಗಬೇಕು. ಕಲ್ಲಿನಲ್ಲಿ ಒರಳಿನ ಹಾಗೆ ಒಂದು ಗುಂಡಿ, ಒಳಗೆ ಕತ್ತಲೆ. ಕೈ ಚಾಚಿದರೆ ಪುಣ್ಯವಂತರಿಗೆ ನೀರು ಸಿಗುತ್ತದೆ ಅಂತ ಮಾತು. ಹಿಂದಿನ ಐದು ಸಲವೂ ನಾನು ಕೈ ಹಾಕಿರಲಿಲ್ಲ. ಗೆಳೆಯರ ಮುಂದೆ ‘ಅದೆಲ್ಲ ಸುಮ್ನೆ’ ಅಂದಿದ್ದೆ. ಸಿಗದಿದ್ದರೆ ಅಂತ ಭಯ, ಬೇರೇನಲ್ಲ.

ಹೊರಡುವಾಗ ಅಮ್ಮ ಕರೆದು ಹೇಳಿದ್ದಳು: ‘ನನ್ನ ಕೈಯನ್ನೂ ಸೇರಿಸಿ ಹಾಕು.’

ಮಂಡಿಯೂರಿ ಕೈ ಹಾಕಿದೆ. ಬರೀ ಕಲ್ಲು. ಇನ್ನಷ್ಟು ಒಳಗೆ ಹಾಕಿದೆ. ಗಡಿಯಾರದ ಪಟ್ಟಿ ಅಂಚಿಗೆ ತಗುಲಿ ನಿಂತಿತು. ಹಿಂದೆ ಸಾಲಿನಲ್ಲಿದ್ದ ಹಿರಿಯರೊಬ್ಬರು, ‘ವಾಚ್ ಬಿಚ್ಚಿ ಸ್ವಾಮಿ, ಭುಜ ಕಲ್ಲಿಗೆ ತಾಗೋವರೆಗೂ ಹಾಕಿ. ಅವಸರ ಮಾಡಬೇಡಿ’ ಅಂದರು. ಬಿಚ್ಚಿ ಜೇಬಿಗೆ ಹಾಕಿದೆ. ಕೆನ್ನೆ ಬಂಡೆಗೆ ಒತ್ತಿಕೊಂಡಿತು. ಆಗ ನಡುಬೆರಳಿನ ತುದಿಗೆ ಏನೋ ತಣ್ಣಗೆ ತಾಗಿತು.

ಅಂಗೈ ತುಂಬಾ ಅಲ್ಲ. ಒಂದು ಬೆರಳಿನ ತುದಿಗೆ.

ಒರೆಸಿಕೊಳ್ಳದೆ, ಬೆರಳು ಮೇಲೆತ್ತಿ ಹಿಡಿದುಕೊಂಡೇ ಇಳಿದೆ. ಎದುರು ಬಂದವರು ಪೆಟ್ಟಾಗಿದೆಯಾ ಅಂತ ಕೇಳಿದರು. ಕಟ್ಟೆಯ ಹತ್ತಿರ ಬರುವಷ್ಟರಲ್ಲಿ ಬಿಸಿಲಿಗೆ ಬೆರಳು ಪೂರ್ತಿ ಒಣಗಿತ್ತು.

‘ಸಿಕ್ತಾ?’ ಅಂದಳು ಅಮ್ಮ.

‘ಸಿಕ್ತು. ಆದರೆ ಒಣಗಿಹೋಯ್ತಮ್ಮ.’

ಅವಳು ಬೆಣ್ಣೆ ಹತ್ತಿದ ಕೈಯಿಂದಲೇ ನನ್ನ ಬೆರಳು ಹಿಡಿದು, ಒಂದು ಸಲ ಎಡಗಣ್ಣಿಗೆ, ಒಂದು ಸಲ ಬಲಗಣ್ಣಿಗೆ ಒತ್ತಿಕೊಂಡಳು. ಆಮೇಲೆ ಭುಜ ಹಿಡಿದು ಎದ್ದಳು.